ಅಮೆರಿಕ, ಬ್ರಿಟನ್, ಜರ್ಮನಿ, ದುಬೈ: ಹೋದ ಮೇಲೆ ಯಾವ ಬ್ಯಾಂಕ್ ಖಾತೆ ತೆರೆಯಬೇಕು?

ಓದೋಕೋ ಕೆಲಸಕ್ಕೋ ವಿದೇಶಕ್ಕೆ ಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ಅಲ್ಲಿ ಯಾವ ಬ್ಯಾಂಕಿನಲ್ಲಿ ಖಾತೆ ತೆರೆಯಲಿ? ದೊಡ್ಡ ಹಳೇ ಬ್ಯಾಂಕೋ, ಬರೀ ಆ್ಯಪ್‌ನಲ್ಲಿ ನಡೆಯುವ ಹೊಸ ಬ್ಯಾಂಕೋ? ಕಂಪನಿಯವರು ಹೇಳಿದ್ದೋ, ಅಲ್ಲೇ ಇರುವ ಚಿಕ್ಕಪ್ಪನ ಮಗ ಹೇಳಿದ್ದೋ? ಊರಿನ ಖಾತೆ ಮುಚ್ಚಬೇಕಾ, ಹಾಗೇ ಇಟ್ಕೋಬಹುದಾ?

ಬ್ಯಾಂಕಿನ ಹೆಸರಿನಿಂದ ಶುರು ಮಾಡಬೇಡಿ. ಒಂದೊಂದು ದೇಶದಲ್ಲಿ ದುಡ್ಡು ಓಡಾಡುವ ರೀತಿಯೇ ಬೇರೆ. ದುಬೈನಲ್ಲಿ ಚೆಕ್ ಪುಸ್ತಕ ಇಲ್ಲದೆ ಬಾಡಿಗೆ ಮನೆ ಸಿಗೋದು ಕಷ್ಟ, ಜರ್ಮನಿಯಲ್ಲಿ ಚೆಕ್ ಅಂದರೆ ಹುಡುಗರು ಕಣ್ಣರಳಿಸಿ ನೋಡುತ್ತಾರೆ. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ಇಲ್ಲದಿದ್ದರೆ ಮುಂದಿನ ದಾರಿಯೇ ಕಟ್ಟಾಗುತ್ತದೆ, ಬ್ರಿಟನ್ನಿನಲ್ಲಿ ಮೊದಲ ವರ್ಷ ಅದಿಲ್ಲದೆಯೂ ಆರಾಮಾಗಿ ನಡೆಯುತ್ತದೆ. ಆ ದೇಶದ ರೀತಿ ಗೊತ್ತಾದರೆ ಯಾವ ಬಗೆಯ ಖಾತೆ ಬೇಕು ಅನ್ನೋದು ತಾನಾಗಿಯೇ ತಿಳಿಯುತ್ತದೆ.

ನಾವು ಯಾವುದಕ್ಕೆ ಒಗ್ಗಿದ್ದೇವೆ ಅಂತ ಮೊದಲು ನೋಡಿ. 2016ರಲ್ಲಿ ಯುಪಿಐ ಬಂದ ಮೇಲೆ ಎಳನೀರಿನವರಿಗೂ ಫೋನಿನಿಂದಲೇ ದುಡ್ಡು, ಅದೂ ಖರ್ಚಿಲ್ಲದೆ. ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ದಿನದ 24 ಗಂಟೆಯೂ ನಡೆಯುತ್ತವೆ, ಭಾನುವಾರವೂ ಸೇರಿ. ಸಂಬಳ, ಖರ್ಚು, ಉಳಿತಾಯ, ಬಡ್ಡಿ ಎಲ್ಲಕ್ಕೂ ಒಂದೇ ಉಳಿತಾಯ ಖಾತೆ ಸಾಕು. ಕನಿಷ್ಠ ಬ್ಯಾಲೆನ್ಸ್ ಇಲ್ಲದಿದ್ದರೆ ಹಾಕುತ್ತಿದ್ದ ದಂಡವನ್ನು ಎಸ್‌ಬಿಐ 2020ರಲ್ಲೇ ಕೈಬಿಟ್ಟಿತು, ಕೆನರಾ ಬ್ಯಾಂಕ್ 2025ರಲ್ಲಿ. ನಮ್ಮ ಕರಾವಳಿಯಲ್ಲಂತೂ 1928ರಲ್ಲೇ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಏಜೆಂಟರು ಮನೆ ಬಾಗಿಲಿಗೆ ಬಂದು ಎರಡಾಣೆ, ನಾಲ್ಕಾಣೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಇಷ್ಟು ಹತ್ತಿರದ ಬ್ಯಾಂಕಿಂಗ್ ನೋಡಿದವರಿಗೆ ಶ್ರೀಮಂತ ದೇಶದಲ್ಲಿ ದುಡ್ಡು ತಲುಪೋಕೆ ಮೂರು ದಿನ ಬೇಕು ಅಂದರೆ ನಂಬೋಕಾಗಲ್ಲ. ಆದರೆ ಕೆಲವು ಕಡೆ ಈಗಲೂ ಹಾಗೇ ಇದೆ.

ಯಾವುದನ್ನು ನೋಡಿ ಆರಿಸಬೇಕು?

ನಾನು ಐದು ವಿಷಯ ನೋಡುತ್ತೇನೆ. ಹೊಸದಾಗಿ ಬಂದವರಿಗೆ ಖಾತೆ ಕೊಡುತ್ತಾರಾ, ಏನೇನು ಕಾಗದ ಕೇಳುತ್ತಾರೆ? ತಿಂಗಳ ಶುಲ್ಕ, ಕನಿಷ್ಠ ಬ್ಯಾಲೆನ್ಸ್, ಎಟಿಎಂ ಖರ್ಚು ಎಷ್ಟು? ದುಡ್ಡು ಎಷ್ಟು ಬೇಗ ಹೋಗಿ ಬರುತ್ತದೆ? ಮೋಸವಾದರೆ, ಇಲ್ಲಾ ಬ್ಯಾಂಕೇ ಮುಳುಗಿದರೆ ನಷ್ಟ ಯಾರ ತಲೆಗೆ? ಊರಿಗೆ ದುಡ್ಡು ಕಳಿಸೋದು ಎಷ್ಟು ಸಲೀಸು?

ಇವುಗಳಲ್ಲಿ ನಾಲ್ಕನೆಯದಕ್ಕೆ ಜನ ಗಮನ ಕೊಡೋದು ಕಡಿಮೆ. ಬಡ್ಡಿ ಕಾಲು ಪರ್ಸೆಂಟ್ ಜಾಸ್ತಿ ಎಲ್ಲಿ ಅಂತ ಹುಡುಕುವವರು ಕಾರ್ಡ್ ಕದ್ದುಹೋದರೆ ಎಷ್ಟು ದಿನದೊಳಗೆ ದೂರು ಕೊಡಬೇಕು ಅಂತ ಕೇಳೋದೇ ಇಲ್ಲ. ನಮ್ಮಲ್ಲಿ ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ಮೂರನೆಯವರ ಕೈವಾಡದಿಂದ ದುಡ್ಡು ಹೋಗಿದ್ದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಆದರೆ ಒಟಿಪಿ ನೀವೇ ಹೇಳಿಬಿಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ನಿಮ್ಮದೇ. ಬ್ಯಾಂಕೇ ಮುಳುಗಿದರೆ ವಿಮೆ ಇರೋದು 5 ಲಕ್ಷದವರೆಗೆ, ಅದೂ 2020ರ ಫೆಬ್ರವರಿಯಿಂದ. ಅದಕ್ಕೂ ಮುಂಚೆ ಬರೀ 1 ಲಕ್ಷ ಇತ್ತು. ಅದೇ ವರ್ಷ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಅಂತ ನಿರ್ಬಂಧ ಬಂದಾಗ, ಪಿಂಚಣಿ ಹಣವನ್ನೆಲ್ಲ ಒಂದೇ ಕಡೆ ಇಟ್ಟಿದ್ದ ಹಿರಿಯರು ಪಟ್ಟ ಪಾಡು ಬೆಂಗಳೂರಿನವರಿಗೆ ಗೊತ್ತಿದೆ.

ಅಮೆರಿಕ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮವರು ಜಾಸ್ತಿ ಇರುವ ದೇಶ, ಬ್ಯಾಂಕಿಂಗ್ ಕೂಡ ಎಲ್ಲಕ್ಕಿಂತ ಗೋಜಲು.

ಮೊದಲ ವ್ಯತ್ಯಾಸ, ಖಾತೆಗಳು ಎರಡು. ದಿನನಿತ್ಯದ ಖರ್ಚಿಗೆ ಚೆಕಿಂಗ್ ಖಾತೆ, ಕೂಡಿಡೋಕೆ ಸೇವಿಂಗ್ಸ್ ಖಾತೆ. ಆಯ್ಕೆ ಮೂರು ಬಗೆ: ಚೇಸ್, ಬ್ಯಾಂಕ್ ಆಫ್ ಅಮೆರಿಕದಂಥ ದೊಡ್ಡ ಬ್ಯಾಂಕು, ಸದಸ್ಯರೇ ಮಾಲೀಕರಾದ ಕ್ರೆಡಿಟ್ ಯೂನಿಯನ್, ಶಾಖೆಯೇ ಇಲ್ಲದ ಆನ್‌ಲೈನ್ ಬ್ಯಾಂಕು.

ಆಗಷ್ಟೇ ಇಳಿದವರಿಗೆ ದೊಡ್ಡ ಬ್ಯಾಂಕೇ ಸುಲಭ. ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಬರೋಕೆ ಮುಂಚೆಯೇ ಪಾಸ್‌ಪೋರ್ಟ್, ವೀಸಾ, ವಿಳಾಸ ತೋರಿಸಿ ಶಾಖೆಯಲ್ಲಿ ಖಾತೆ ತೆರೆಯಬಹುದು. ಆನ್‌ಲೈನ್ ಬ್ಯಾಂಕುಗಳು ಬಹುತೇಕ ಆ ನಂಬರ್ ಇಲ್ಲದೆ ಒಳಗೇ ಬಿಡೋದಿಲ್ಲ. ಆದರೆ ದೊಡ್ಡ ಬ್ಯಾಂಕುಗಳು ಸಾಮಾನ್ಯ ಚೆಕಿಂಗ್ ಖಾತೆಗೆ ತಿಂಗಳಿಗೆ 12ರಿಂದ 15 ಡಾಲರ್ ಕೇಳುತ್ತವೆ. ಸಂಬಳ ನೇರವಾಗಿ ಅಲ್ಲೇ ಬಿದ್ದರೆ, ಇಲ್ಲಾ ಅವರು ಹೇಳಿದಷ್ಟು ಬ್ಯಾಲೆನ್ಸ್ ಇಟ್ಟರೆ ಅದು ಮನ್ನಾ. ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದ ಖಾತೆಯೇ ಬೇರೆ ಇರುತ್ತದೆ, ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ಖರ್ಚಾದರೆ ಕೆಲವು ಬ್ಯಾಂಕುಗಳಲ್ಲಿ ಒಂದೊಂದು ಸಲಕ್ಕೂ 35 ಡಾಲರ್ ದಂಡ. ಎಟಿಎಂ ಮತ್ತು ಡೆಬಿಟ್ ಕಾರ್ಡಿನ ಓವರ್‌ಡ್ರಾಫ್ಟ್‌ಗೆ ನೀವು ಒಪ್ಪಿಗೆ ಕೊಡದಿದ್ದರೆ ಈ ದಂಡ ಬೀಳೋದಿಲ್ಲ, ಖರ್ಚೇ ತಿರಸ್ಕೃತವಾಗುತ್ತದೆ. ಖಾತೆ ತೆರೆಯುವ ದಿನವೇ 'ಬೇಡ' ಅಂತ ಗುರುತು ಹಾಕಿ.

ದುಡ್ಡಿನ ಓಡಾಟ ನಿಧಾನ. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಎಸಿಎಚ್ ಅನ್ನುವ ಮಾಮೂಲಿ ವರ್ಗಾವಣೆಯ ಮೂಲಕ ಒಂದರಿಂದ ಮೂರು ಕೆಲಸದ ದಿನ. ಬೇಗ ಬೇಕು ಅಂದರೆ ವೈರ್, ಅದಕ್ಕೆ 25-30 ಡಾಲರ್. ಗೆಳೆಯರ ನಡುವೆ ಝೆಲ್ ಇದೆ, ನಿಮಿಷದಲ್ಲಿ ತಲುಪುತ್ತದೆ. ಫೆಡರಲ್ ರಿಸರ್ವ್ 2023ರ ಜುಲೈನಲ್ಲಿ ಫೆಡ್‌ನೌ ಅಂತ ತಕ್ಷಣದ ಪಾವತಿ ಶುರು ಮಾಡಿದೆ, ಆದರೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಸೇರಿಲ್ಲ. ಹೀಗಾಗಿ ಬಾಡಿಗೆಗೆ ಇನ್ನೂ ಚೆಕ್ ಕೇಳುವ ಮನೆ ಮಾಲೀಕರಿದ್ದಾರೆ. ಚೆಕ್ ಬರೆಯುವಾಗ ತಾರೀಕು ನೋಡಿಕೊಳ್ಳಿ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜೂನ್ 5 ಅಂತ ನಮ್ಮ ಅಭ್ಯಾಸದಲ್ಲಿ 5/6 ಬರೆದರೆ ಅದು ಮೇ 6 ಆಗುತ್ತದೆ. ತಿಂಗಳ ಹೆಸರನ್ನೇ ಅಕ್ಷರದಲ್ಲಿ ಬರೆದರೆ ತಲೆನೋವಿಲ್ಲ.

ಇನ್ನು ಮೋಸದ ವಿಷಯ. ಡೆಬಿಟ್ ಕಾರ್ಡ್ ಕಳೆದುಹೋದದ್ದು ಗೊತ್ತಾದ ಎರಡು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ನಷ್ಟ ಹೆಚ್ಚೆಂದರೆ 50 ಡಾಲರ್. ತಡವಾದರೆ 500ರವರೆಗೆ. ಸ್ಟೇಟ್‌ಮೆಂಟ್ ಬಂದು 60 ದಿನ ದಾಟಿದರೆ ಆಮೇಲಿನದಕ್ಕೆ ಮಿತಿಯೇ ಇಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕಾನೂನಿನ ಮಿತಿಯೇ 50 ಡಾಲರ್, ಜೊತೆಗೆ ಹೋಗಿದ್ದು ನಿಮ್ಮ ಖಾತೆಯ ದುಡ್ಡಲ್ಲ. ಅದಕ್ಕೇ ಅಮೆರಿಕದಲ್ಲಿ ಅಂಗಡಿ, ಪೆಟ್ರೋಲ್, ಆನ್‌ಲೈನ್ ಎಲ್ಲಕ್ಕೂ ಕ್ರೆಡಿಟ್ ಕಾರ್ಡ್ ಬಳಸಿ, ಡೆಬಿಟ್ ಕಾರ್ಡನ್ನು ಎಟಿಎಂಗೆ ಮಾತ್ರ ಇಟ್ಟುಕೊಳ್ಳಿ ಅಂತ ಹೇಳೋದು. ಝೆಲ್‌ನಲ್ಲಿ ನೀವೇ ಮೋಸಹೋಗಿ ಕಳಿಸಿದ್ದರೆ ವಾಪಸ್ ಬರೋದು ಬಲು ಕಷ್ಟ. ಮನೆ ನೋಡೋಕೆ ಮುಂಚೆಯೇ ಅಡ್ವಾನ್ಸ್ ಝೆಲ್ ಮಾಡಿ ಅನ್ನುವವರಿಗೆ ಒಂದು ಡಾಲರೂ ಕಳಿಸಬೇಡಿ.

ಕ್ರೆಡಿಟ್ ಸ್ಕೋರ್ ಅಲ್ಲಿ ಬಾಡಿಗೆ ಮನೆಯಿಂದ ಹಿಡಿದು ಕಾರು ಸಾಲದವರೆಗೆ ಎಲ್ಲ ಕಡೆ ಬೇಕು. ಊರಿನ ನಿಮ್ಮ ಸಿಬಿಲ್ ಸ್ಕೋರನ್ನು ಬಹುತೇಕ ಯಾರೂ ನೋಡೋದಿಲ್ಲ, ಹೊಸದಾಗಿಯೇ ಶುರು. ಸ್ವಲ್ಪ ದುಡ್ಡು ಠೇವಣಿ ಇಟ್ಟು ಅಷ್ಟೇ ಮಿತಿಯ ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್ ತೆಗೆದುಕೊಂಡು, ತಿಂಗಳು ತಿಂಗಳು ಪೂರ್ತಿ ಕಟ್ಟುತ್ತಾ ಹೋಗೋದು ಸಾಮಾನ್ಯ ದಾರಿ. ಈ ಕಾರ್ಡ್ ಸಿಗುವುದೂ ಚೆಕಿಂಗ್ ಖಾತೆ ಇರುವ ಬ್ಯಾಂಕಿನಲ್ಲೇ ಸುಲಭ.

ಹಾಗಾದರೆ ಯಾವುದು? ಮೊದಲ ದಿನ ದೊಡ್ಡ ಬ್ಯಾಂಕಿನಲ್ಲೋ ವಿಶ್ವವಿದ್ಯಾಲಯದ ಕ್ರೆಡಿಟ್ ಯೂನಿಯನ್ನಿನಲ್ಲೋ ಚೆಕಿಂಗ್ ಖಾತೆ. ಸಂಬಳ ಶುರುವಾಗಿ ದುಡ್ಡು ಉಳಿಯತೊಡಗಿದ ಮೇಲೆ ಆನ್‌ಲೈನ್ ಬ್ಯಾಂಕಿನಲ್ಲಿ ಸೇವಿಂಗ್ಸ್. ದೊಡ್ಡ ಬ್ಯಾಂಕುಗಳ ಸೇವಿಂಗ್ಸ್‌ನಲ್ಲಿ ಬಡ್ಡಿ 0.01 ಪರ್ಸೆಂಟ್ ಇರೋದೂ ಉಂಟು, ಅಲ್ಲಿ ದುಡ್ಡು ಸುಮ್ನೆ ಮಲಗಿರುತ್ತದೆ. ಬ್ಯಾಂಕಾದರೆ ಎಫ್‌ಡಿಐಸಿ, ಕ್ರೆಡಿಟ್ ಯೂನಿಯನ್ ಆದರೆ ಎನ್‌ಸಿಯುಎ, ಎರಡರಲ್ಲೂ 2.5 ಲಕ್ಷ ಡಾಲರ್‌ವರೆಗೆ ವಿಮೆ. ಆ ವಿಮೆ ಇದೆಯಾ ಅಂತ ಮಾತ್ರ ಖಚಿತ ಮಾಡಿಕೊಳ್ಳಿ.

ಬ್ರಿಟನ್

ಯುಪಿಐ ಬಿಟ್ಟು ಹೋದವರಿಗೆ ಇಲ್ಲಿ ಜಾಸ್ತಿ ವ್ಯತ್ಯಾಸ ಕಾಣೋದಿಲ್ಲ. 2008ರಿಂದಲೇ ಫಾಸ್ಟರ್ ಪೇಮೆಂಟ್ಸ್ ಇದೆ, ಆರಂಕಿಯ ಸಾರ್ಟ್ ಕೋಡ್ ಮತ್ತು ಎಂಟಂಕಿಯ ಖಾತೆ ನಂಬರ್ ಹಾಕಿದರೆ ದುಡ್ಡು ಸಾಮಾನ್ಯವಾಗಿ ಸೆಕೆಂಡುಗಳಲ್ಲಿ ತಲುಪುತ್ತದೆ, ಖರ್ಚಿಲ್ಲ. ಸಾಮಾನ್ಯ ಕರೆಂಟ್ ಅಕೌಂಟಿಗೆ ತಿಂಗಳ ಶುಲ್ಕವೂ ಇಲ್ಲ. (ಅಲ್ಲಿ ಕರೆಂಟ್ ಅಕೌಂಟ್ ಅಂದರೆ ವ್ಯಾಪಾರಸ್ಥರದ್ದಲ್ಲ, ಎಲ್ಲರ ದಿನಬಳಕೆಯ ಖಾತೆ.) ಹೆಚ್ಚಿನ ಎಟಿಎಂಗಳು ಉಚಿತ. ಓವರ್‌ಡ್ರಾಫ್ಟ್ ಮಾತ್ರ ಮುಟ್ಟಬೇಡಿ, ವರ್ಷಕ್ಕೆ 40 ಪರ್ಸೆಂಟಿನ ಹತ್ತಿರ ಬಡ್ಡಿ.

ಕಷ್ಟ ಇರೋದು ಬಾಗಿಲಲ್ಲೇ. ಹಳೇ ಬ್ಯಾಂಕುಗಳು ವಿಳಾಸದ ದಾಖಲೆ ಕೇಳುತ್ತವೆ, ಮನೆ ಕೊಡುವವರು ಬ್ಯಾಂಕ್ ಖಾತೆ ಕೇಳುತ್ತಾರೆ. ಈ ಸುತ್ತಿನಿಂದ ಹೊರಗೆ ಬರೋಕೆ ಮೊಂಝೋ, ಸ್ಟಾರ್ಲಿಂಗ್‌ನಂಥ ಆ್ಯಪ್ ಬ್ಯಾಂಕು ಅನುಕೂಲ. ಪಾಸ್‌ಪೋರ್ಟ್ ಫೋಟೋ, ಒಂದು ಸಣ್ಣ ವಿಡಿಯೋ, ಕಾರ್ಡ್ ಬರೋಕೆ ಒಂದು ವಿಳಾಸ ಇದ್ದರೆ ಬಹುತೇಕ ಸಾಕು. ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಪತ್ರ ಕೊಟ್ಟರೆ ಹಳೇ ಬ್ಯಾಂಕುಗಳೂ ತೆರೆಯುತ್ತವೆ. ಆಮೇಲೆ ಬದಲಾಯಿಸಬೇಕು ಅನಿಸಿದರೆ ಏಳು ಕೆಲಸದ ದಿನದಲ್ಲಿ ಎಲ್ಲ ಪಾವತಿಗಳ ಸಮೇತ ಖಾತೆಯನ್ನು ಬೇರೆ ಬ್ಯಾಂಕಿಗೆ ಸಾಗಿಸಿಕೊಡುವ ವ್ಯವಸ್ಥೆ 2013ರಿಂದ ಇದೆ. ಹಾಗಾಗಿ ಇಲ್ಲಿ ಮೊದಲ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಡಿ.

ಬ್ರಿಟನ್ನಿನಲ್ಲಿ ನನಗೆ ನಿಜಕ್ಕೂ ಮೆಚ್ಚುಗೆಯಾದದ್ದು ಮೋಸದ ವಿರುದ್ಧದ ರಕ್ಷಣೆ. ವಂಚಕರ ಮಾತು ನಂಬಿ ನೀವೇ ದುಡ್ಡು ಕಳಿಸಿದ್ದರೂ, 2024ರ ಅಕ್ಟೋಬರ್ 7ರಿಂದ ಬ್ಯಾಂಕುಗಳು 85,000 ಪೌಂಡ್‌ವರೆಗೆ ವಾಪಸ್ ಕೊಡಲೇಬೇಕು. ನಷ್ಟವನ್ನು ಕಳಿಸಿದ ಬ್ಯಾಂಕು, ಪಡೆದ ಬ್ಯಾಂಕು ಅರ್ಧರ್ಧ ಹೊರುತ್ತವೆ. ತೀರಾ ಅಜಾಗರೂಕತೆ ಇದ್ದರೆ ನಿರಾಕರಿಸಬಹುದು, ವಿದೇಶಕ್ಕೆ ಕಳಿಸಿದ ದುಡ್ಡಿಗೆ ಇದು ಸಿಗೋದಿಲ್ಲ. ನಮ್ಮಲ್ಲಿ ಡಿಜಿಟಲ್ ಅರೆಸ್ಟ್ ಹೆಸರಲ್ಲಿ ಜೀವಮಾನದ ಗಳಿಕೆ ಕಳೆದುಕೊಂಡವರನ್ನು ನೆನೆದರೆ ಇಂಥ ನಿಯಮ ಇಲ್ಲೂ ಬರಬೇಕು ಅನಿಸುತ್ತದೆ. ಠೇವಣಿ ವಿಮೆಯೂ 85,000ದಿಂದ 1,20,000 ಪೌಂಡ್‌ಗೆ ಏರಿದೆ, 2025ರ ಡಿಸೆಂಬರ್ 1ರಿಂದ.

ಜರ್ಮನಿ

ವಿದ್ಯಾರ್ಥಿಗಳಿಗೆ ಇಲ್ಲಿ ಖಾತೆಯ ಕಥೆ ಊರಲ್ಲೇ ಶುರುವಾಗುತ್ತದೆ. ವೀಸಾಕ್ಕೆ ಮುಂಚೆ ಸಾಮಾನ್ಯವಾಗಿ ಒಂದು ವರ್ಷದ ಖರ್ಚನ್ನು ಸ್ಪೆರ್‌ಕೊಂಟೊ ಅನ್ನುವ ತಡೆ ಹಾಕಿದ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೋ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ. ಆ 992 ಬಂದು ಬೀಳೋಕೆ ಒಂದು ಮಾಮೂಲಿ ಖಾತೆ ಬೇಕು, ಅದೇ ಜೀರೋಕೊಂಟೊ (Girokonto).

ಎರಡು ಆಯ್ಕೆ. ಊರೂರಿನಲ್ಲಿ ಶಾಖೆ ಇರುವ ಶ್ಪಾರ್ಕಾಸ್ಸೆಯಂಥ ಬ್ಯಾಂಕು, ಇಲ್ಲಾ ಎನ್26, ಐಎನ್‌ಜಿ, ಡಿಕೆಬಿಯಂಥ ಶಾಖೆಯಿಲ್ಲದ ಬ್ಯಾಂಕು. ಶ್ಪಾರ್ಕಾಸ್ಸೆಗೆ ತಿಂಗಳಿಗೆ ಕೆಲವು ಯೂರೋ ಶುಲ್ಕ, ವಿದ್ಯಾರ್ಥಿಗಳಿಗೆ ಬಹಳ ಕಡೆ ಉಚಿತ. ಎದುರಿಗೆ ಮನುಷ್ಯರು ಸಿಗುತ್ತಾರೆ, ನಗದು ಕಟ್ಟಬಹುದು, ತಮ್ಮ ಗುಂಪಿನ ಎಟಿಎಂಗಳಲ್ಲಿ ಖರ್ಚಿಲ್ಲ. ಬೇರೆ ಬ್ಯಾಂಕಿನ ಎಟಿಎಂ ಮುಟ್ಟಿದರೆ ನಾಲ್ಕೈದು ಯೂರೋ ಹೋಯಿತು. ಜರ್ಮನ್ನರು ಈಗಲೂ ನಗದು ಇಷ್ಟಪಡುವ ಜನ, ಸಣ್ಣ ಬೇಕರಿ, ಹೋಟೆಲುಗಳಲ್ಲಿ ಕಾರ್ಡ್ ನಡೆಯದಿರೋದು ಉಂಟು. ಹೀಗಾಗಿ ಎಟಿಎಂ ಎಲ್ಲಿದೆ ಅನ್ನೋದು ಇಲ್ಲಿ ಮುಖ್ಯವಾಗುತ್ತದೆ. ಎನ್26ನಂಥ ಆ್ಯಪ್ ಬ್ಯಾಂಕು ಬೇಗ ತೆರೆಯುತ್ತದೆ, ಇಂಗ್ಲಿಷಿನಲ್ಲೂ ನಡೆಯುತ್ತದೆ, ಆದರೆ ಏನಾದರೂ ತೊಡಕಾದರೆ ಎದುರಿಗೆ ಕೂತು ಕೇಳೋಕೆ ಶಾಖೆ ಇರೋದಿಲ್ಲ.

ಬಹುತೇಕ ಬ್ಯಾಂಕುಗಳು ಆನ್‌ಮೆಲ್ಡುಂಗ್, ಅಂದರೆ ಊರ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಿದ ಕಾಗದ ಕೇಳುತ್ತವೆ. ಎಲ್ಲರೂ ಬೇಡ ಅಂದರೂ ಹೆದರಬೇಡಿ. ಕಾನೂನುಬದ್ಧವಾಗಿ ಅಲ್ಲಿರುವ ಯಾರಿಗೇ ಆಗಲಿ ಮೂಲಭೂತ ಖಾತೆ ಕೊಡಲೇಬೇಕು ಅಂತ 2016ರಿಂದ ಕಾನೂನಿದೆ, ಅದಕ್ಕೆ ಬಾಸಿಸ್‌ಕೊಂಟೊ ಅಂತ ಕೇಳಬೇಕು.

ಇನ್ನೊಂದು ವಿಶೇಷ ಲಾಸ್ಟ್‌ಶ್ರಿಫ್ಟ್. ಬಾಡಿಗೆ, ವಿಮೆ, ಜಿಮ್, ಫೋನ್ ಬಿಲ್, ಎಲ್ಲರೂ ನಿಮ್ಮ ಐಬ್ಯಾನ್ (ಅಂತಾರಾಷ್ಟ್ರೀಯ ಖಾತೆ) ನಂಬರ್ ತೆಗೆದುಕೊಂಡು ತಾವೇ ದುಡ್ಡು ಎಳೆದುಕೊಳ್ಳುತ್ತಾರೆ. ಮೊದಮೊದಲು ದಿಗಿಲಾಗುತ್ತದೆ. ಆದರೆ ಹೀಗೆ ಎಳೆದದ್ದನ್ನು ಎಂಟು ವಾರದೊಳಗೆ ಕಾರಣ ಹೇಳದೆಯೇ ವಾಪಸ್ ಪಡೆಯುವ ಹಕ್ಕಿದೆ, ಅನುಮತಿಯೇ ಕೊಟ್ಟಿರದಿದ್ದರೆ 13 ತಿಂಗಳವರೆಗೆ. ಬಾಕಿ ಇರೋದು ನಿಜವಾಗಿದ್ದರೆ ಮಾತ್ರ ವಾಪಸ್ ಎಳೆಯಬೇಡಿ, ವಸೂಲಿ ನೋಟಿಸು ಬಂದು ಷೂಫಾ ದಾಖಲೆ ಕೆಡಬಹುದು. ಅದು ಅಲ್ಲಿನ ಸಿಬಿಲ್, ಮನೆ ಮಾಲೀಕರು ಕೇಳುವ ಮೊದಲ ಕಾಗದ.

ವೇಗದ ಕೊರತೆ ಈಗ ನೀಗಿದೆ. 2025ರ ಅಕ್ಟೋಬರ್ 9ರಿಂದ ಯೂರೋ ವಲಯದ ಬ್ಯಾಂಕುಗಳು ಹತ್ತು ಸೆಕೆಂಡಿನಲ್ಲಿ ತಲುಪುವ ಪಾವತಿ ಕೊಡಲೇಬೇಕು, ಮಾಮೂಲಿ ವರ್ಗಾವಣೆಗಿಂತ ಜಾಸ್ತಿ ಶುಲ್ಕ ಕೇಳುವಂತಿಲ್ಲ. ಠೇವಣಿ ರಕ್ಷಣೆ 1 ಲಕ್ಷ ಯೂರೋವರೆಗೆ.

ದುಬೈ, ಅಬುಧಾಬಿ

ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಇದನ್ನು ನಾನು ಹೇಳಬೇಕಿಲ್ಲ, ಮನೆಗೊಬ್ಬರಂತೆ ಅಲ್ಲಿದ್ದಾರೆ. ಹೊಸದಾಗಿ ಹೋಗುವವರಿಗಾಗಿ ಬರೆಯುತ್ತೇನೆ.

ಇಲ್ಲಿ ಖಾತೆ ನಿಂತಿರೋದು ಸಂಬಳದ ಮೇಲೆ. 2009ರಿಂದ ಸಂಬಳವನ್ನು ಸರ್ಕಾರ ಗಮನಿಸುವ ವೇತನ ರಕ್ಷಣಾ ವ್ಯವಸ್ಥೆಯ ಮೂಲಕವೇ ಕೊಡಬೇಕು. ಸಂಬಳ ಕಡಿಮೆಯಿದ್ದವರಿಗೆ ಪೂರ್ತಿ ಖಾತೆಯ ಬದಲು ಸಂಬಳದ ಕಾರ್ಡ್ ಕೊಡುತ್ತಾರೆ. ಅದರಿಂದ ದುಡ್ಡು ತೆಗೆಯಬಹುದು, ಚೆಕ್ ಪುಸ್ತಕ ಸಿಗೋದಿಲ್ಲ. ಪೂರ್ತಿ ಖಾತೆಗೆ ಎಮಿರೇಟ್ಸ್ ಐಡಿ, ಅಂದರೆ ಅಲ್ಲಿನ ಗುರುತಿನ ಚೀಟಿ ಬೇಕು. ಸಂಬಳ ಬರದ ಮಾಮೂಲಿ ಖಾತೆಯಲ್ಲಿ 3,000 ದಿರ್ಹಂ ಇಡಿ, ಇಲ್ಲದಿದ್ದರೆ ತಿಂಗಳಿಗೆ 25 ದಿರ್ಹಂ ಅನ್ನೋದು ಬಹಳ ಕಾಲದಿಂದ ನಡೆದು ಬಂದ ಲೆಕ್ಕ. ಲಿವ್, ವಿಯೋದಂಥ ಆ್ಯಪ್ ಖಾತೆಗಳೂ ಬಂದಿವೆ.

ಆದರೆ ಮನೆ ಮಾಡುವ ಯೋಚನೆ ಇದ್ದರೆ ಚೆಕ್ ಪುಸ್ತಕ ಕೊಡುವ ಬ್ಯಾಂಕನ್ನೇ ಆರಿಸಿ. ಮನೆ ಮಾಲೀಕ ವರ್ಷದ ಬಾಡಿಗೆಗೆ ಮುಂದಿನ ತಾರೀಕಿನ ಚೆಕ್ಕುಗಳನ್ನು ಒಟ್ಟಿಗೇ ಕೇಳುತ್ತಾನೆ. ಮೇಜಿನ ಮೇಲೆ ನಾಲ್ಕು ಚೆಕ್ ಹರಡಿಕೊಂಡು, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಅಂತ ತಾರೀಕು ಹಾಕಿ, ಸಹಿ ಮಾಡಿ ಕೊಡಬೇಕು. ಚೆಕ್ ಕಡಿಮೆಯಾದಷ್ಟೂ ಬಾಡಿಗೆಯಲ್ಲಿ ಚೌಕಾಸಿಗೆ ಜಾಗ. ಸಹಿ ಹಾಕಿದ ಪ್ರತಿ ಚೆಕ್ಕಿನ ಫೋಟೋ ಇಟ್ಟುಕೊಳ್ಳಿ, ಫೋನಿನ ಕ್ಯಾಲೆಂಡರಿನಲ್ಲಿ ವಾರ ಮುಂಚೆ ನೆನಪು ಹಾಕಿ. ಚೆಕ್ ಬೌನ್ಸ್ ಆದರೆ ಜೈಲು ಅನ್ನೋ ಹಳೇ ನಿಯಮ 2022ರ ಜನವರಿಯಿಂದ ಸಡಿಲಾಗಿದೆ. ದುಡ್ಡು ಸಾಲದೆ ಬೌನ್ಸ್ ಆಗಿದ್ದು ಈಗ ಸಾಮಾನ್ಯವಾಗಿ ಅಪರಾಧವಲ್ಲ. ಬೇಕೆಂದೇ ಖಾತೆ ಮುಚ್ಚಿ, ಇಲ್ಲಾ ಪಾವತಿ ತಡೆದು ಮೋಸ ಮಾಡಿದರೆ ಈಗಲೂ ಅಪರಾಧ. ಚೆಕ್ ಹಿಡಿದವರು ನೇರವಾಗಿ ವಸೂಲಿ ನ್ಯಾಯಾಲಯಕ್ಕೆ ಹೋಗಬಹುದು, ದೇಶ ಬಿಡದಂತೆ ತಡೆಯೂ ಬರಬಹುದು.

ಸಾಲ, ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವಾಗ ಇದನ್ನೇ ಮನಸ್ಸಿನಲ್ಲಿಡಿ. ಬ್ಯಾಂಕಿನವರು ಫೋನ್ ಮೇಲೆ ಫೋನ್ ಮಾಡಿ ಕೊಡುತ್ತಾರೆ. ಸಾಲ ಇರುವಾಗ ಕೆಲಸ ಹೋದರೆ, ಕೊನೆಯ ಲೆಕ್ಕದ ದುಡ್ಡು ಖಾತೆಗೆ ಬಿದ್ದ ತಕ್ಷಣ ಬ್ಯಾಂಕು ಅದನ್ನು ತಡೆಹಿಡಿಯಬಹುದು. ಊರಿಗೆ ವಾಪಸ್ ಹೊರಡುವ ಮುಂಚೆ ಕಾರ್ಡ್ ರದ್ದು ಮಾಡಿಸಿ, ಬಾಕಿಯಿಲ್ಲ ಅನ್ನುವ ಪತ್ರವನ್ನು ಕೈಯಲ್ಲಿ ಹಿಡಿದೇ ವಿಮಾನ ಹತ್ತಿ.

ಸಿಂಗಪುರ, ಆಸ್ಟ್ರೇಲಿಯಾದವರಿಗೆ ಎರಡೇ ಮಾತು. ಎರಡೂ ಕಡೆ ಫೋನ್ ನಂಬರಿಗೇ ತಕ್ಷಣ ದುಡ್ಡು ಕಳಿಸುವ ವ್ಯವಸ್ಥೆ ಚೆನ್ನಾಗಿದೆ. ಸಿಂಗಪುರದ ಪೇನೌ 2023ರ ಫೆಬ್ರವರಿಯಲ್ಲಿ ನಮ್ಮ ಯುಪಿಐ ಜೊತೆ ಜೋಡಣೆಯಾಗಿದೆ. ಆಸ್ಟ್ರೇಲಿಯಾದ ದೊಡ್ಡ ಬ್ಯಾಂಕುಗಳಲ್ಲಿ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಖಾತೆ ಶುರು ಮಾಡಿ, ಇಳಿದ ಮೇಲೆ ಪಾಸ್‌ಪೋರ್ಟ್ ತೋರಿಸಿ ಪೂರ್ತಿ ಮಾಡಬಹುದು.

ನಿಮ್ಮ ಹೆಸರು

ಎಲ್ಲ ದೇಶಕ್ಕೂ ಅನ್ವಯಿಸುವ ಒಂದು ತೊಡಕು ನಮ್ಮ ಹೆಸರಿನದು. ಊರು, ಅಪ್ಪನ ಹೆಸರು ಇನಿಷಿಯಲ್ ಆಗಿರುವ ನಮ್ಮಲ್ಲಿ ಆಧಾರಿನಲ್ಲಿ ಒಂದು, ಪ್ಯಾನಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಅದೆಲ್ಲ ಬಿಡಿಸಿದ ಉದ್ದದ ಹೆಸರು. ಪಾಸ್‌ಪೋರ್ಟಿನಲ್ಲಿ ಹೆಸರು, ಉಪನಾಮ ಅಂತ ಎರಡು ಭಾಗ ಇಲ್ಲದವರ ಅಮೆರಿಕ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್ಎನ್‌ಯು ('ಮೊದಲ ಹೆಸರು ಗೊತ್ತಿಲ್ಲ') ಅಂತ ಮುದ್ರಿಸುತ್ತಾರೆ, ಬ್ಯಾಂಕ್ ಕಾರ್ಡಿಗೂ ಅದೇ ಬಂದು ಕೂರುತ್ತದೆ. ಬ್ರಿಟನ್ನಿನಲ್ಲಿ 2020ರಿಂದ, ಯೂರೋ ವಲಯದಲ್ಲಿ 2025ರಿಂದ, ದುಡ್ಡು ಕಳಿಸುವ ಮುಂಚೆ ಪಡೆಯುವವರ ಹೆಸರು ಹೊಂದುತ್ತದಾ ಅಂತ ಬ್ಯಾಂಕು ತಾಳೆ ನೋಡುತ್ತದೆ. ಕಂಪನಿಯ ದಾಖಲೆಯಲ್ಲಿ 'ಮಂಜುನಾಥ ಕೆ. ಎಸ್.' ಇದ್ದು ಬ್ಯಾಂಕಿನಲ್ಲಿ 'ಕಡೂರು ಶಿವಣ್ಣ ಮಂಜುನಾಥ' ಇದ್ದರೆ ಸಂಬಳ ಹಾಕುವಾಗಲೇ ಎಚ್ಚರಿಕೆ ಬರಬಹುದು. ಹೊರಡುವ ಮುಂಚೆ ಪಾಸ್‌ಪೋರ್ಟಿನಲ್ಲಿ ಎರಡು ಭಾಗ ಸರಿಮಾಡಿಸಿ, ಅಲ್ಲಿ ಎಲ್ಲ ಕಡೆ ಅದೇ ಅಕ್ಷರ ಕೊಡಿ.

ಊರಿನ ಖಾತೆ ಏನು ಮಾಡೋದು?

ಹಾಗೇ ಬಿಡುವಂತಿಲ್ಲ. ಕೆಲಸಕ್ಕಾಗಿ ವಿದೇಶದಲ್ಲಿ ನೆಲೆಸಿದರೆ ವಿದೇಶಿ ವಿನಿಮಯದ ಫೆಮಾ ಕಾನೂನಿನ ಪ್ರಕಾರ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಬಾಡಿಗೆ, ತೋಟದ ದುಡ್ಡು, ಪಿಂಚಣಿಯಂಥ ಇಲ್ಲಿನ ಆದಾಯ ಬರೋದು ಅದಕ್ಕೆ. ಅದರ ಬಡ್ಡಿಗೆ 30 ಪರ್ಸೆಂಟ್ ಟಿಡಿಎಸ್, ಮೇಲೆ ಸೆಸ್. ಅಲ್ಲಿಂದ ಹೊರಗೆ ಒಯ್ಯೋದಕ್ಕೆ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ, ಕಾಗದಪತ್ರವೂ ಜಾಸ್ತಿ.

ಅಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ ತೆರೆಯಿರಿ. ಇದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಯಾವಾಗ ಬೇಕಾದರೂ ವಾಪಸ್ ಒಯ್ಯಬಹುದು. ರೂಪಾಯಿ ಬೀಳುವ ಭಯ ಇದ್ದವರಿಗೆ ಎಫ್‌ಸಿಎನ್‌ಆರ್ ಠೇವಣಿ, ಒಂದರಿಂದ ಐದು ವರ್ಷ, ಡಾಲರ್ ಡಾಲರಾಗಿಯೇ ಇರುತ್ತದೆ. ಗಲ್ಫಿನಲ್ಲಿ ದಿರ್ಹಂ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿದ್ದರಿಂದ, ಅಲ್ಲಿ ದುಡಿದು ಇಲ್ಲಿ ಮನೆ ಕಟ್ಟುವವರಿಗೆ ಎನ್‌ಆರ್‌ಇ ಸರಳ ದಾರಿ. ಅಮೆರಿಕದವರು ಎಚ್ಚರ: ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲದಿದ್ದರೂ ಅಲ್ಲಿ ಕಟ್ಟಬೇಕು. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಆ ಖಾತೆಗಳ ವಿವರ ಕೊಡುವ ಎಫ್‌ಬಿಎಆರ್ ವರದಿಯನ್ನು ಅಲ್ಲಿನ ಸರ್ಕಾರಕ್ಕೆ ಸಲ್ಲಿಸಬೇಕು. ಎಫ್-1 ವೀಸಾದ ವಿದ್ಯಾರ್ಥಿಗಳಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ಇದು ಇಲ್ಲ.

ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ವಿದೇಶಿ ಫೋನ್ ನಂಬರಿನಲ್ಲೇ ಯುಪಿಐ ಜೋಡಿಸಲು 2023ರಲ್ಲಿ ಹತ್ತು ದೇಶಗಳಿಗೆ ಅವಕಾಶ ಬಂತು. ಅಮೆರಿಕ, ಬ್ರಿಟನ್, ಯುಎಇ ಅದರಲ್ಲಿದ್ದವು, ಜರ್ಮನಿ ಇರಲಿಲ್ಲ. ಊರಿನ ಸಿಮ್ಮನ್ನು ರೀಚಾರ್ಜ್ ಮಾಡಿಸುತ್ತಲೇ ಇರಿ. 90 ದಿನ ಬಳಸದೆ ಬಿಟ್ಟರೆ ನಂಬರ್ ಹೋಗಬಹುದು, ಅದರ ಜೊತೆ ಒಟಿಪಿಯೂ.

ದುಡ್ಡು ಕಳಿಸುವಾಗ 'ಶುಲ್ಕ ಸೊನ್ನೆ' ಅನ್ನೋ ಬೋರ್ಡ್ ನೋಡಿ ನಿಲ್ಲಬೇಡಿ. ಲಾಭವನ್ನು ವಿನಿಮಯ ದರದಲ್ಲಿ ಸೇರಿಸಿರುತ್ತಾರೆ. ಬ್ಯಾಂಕು, ವೈಸ್ ಅಥವಾ ರೆಮಿಟ್ಲಿಯಂಥ ಆ್ಯಪ್, ಗಲ್ಫಿನಲ್ಲಾದರೆ ಎಕ್ಸ್‌ಚೇಂಜ್ ಅಂಗಡಿ, ಎಲ್ಲರ ಹತ್ತಿರವೂ ಒಂದೇ ಹೊತ್ತಿನಲ್ಲಿ ಒಂದೇ ಪ್ರಶ್ನೆ ಕೇಳಿ: 1,000 ಕೊಟ್ಟರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ? ಅಮೆರಿಕದಲ್ಲಿ 2026ರ ಜನವರಿಯಿಂದ ನಗದು ಕೊಟ್ಟು ಕಳಿಸಿದರೆ 1 ಪರ್ಸೆಂಟ್ ತೆರಿಗೆ ಇದೆ, ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ.

ನಿಮಗೆ ಯಾವುದು?

ಎರಡು ವರ್ಷ ಓದಿ ಬರುವ ವಿದ್ಯಾರ್ಥಿಯಾದರೆ ಶುಲ್ಕವಿಲ್ಲದ ಖಾತೆ ಒಂದೇ ಸಾಕು, ಬಡ್ಡಿ ಹುಡುಕಬೇಡಿ. ಅಮೆರಿಕದಲ್ಲಿ ಮಾತ್ರ ಜೊತೆಗೊಂದು ಸೆಕ್ಯೂರ್ಡ್ ಕಾರ್ಡ್. ಕಂಪನಿ ಕೆಲಸಕ್ಕೆ ಹೋಗಿ ವರ್ಷಗಟ್ಟಲೆ ಇರುವವರಿಗೆ ಶಾಖೆಯಿರುವ ಒಂದು ಬ್ಯಾಂಕು, ಬೇರೆ ಸಂಸ್ಥೆಯ ಒಂದು ಆ್ಯಪ್ ಖಾತೆ. ಒಂದರ ಕಾರ್ಡ್ ತಡೆಯಾದರೆ ಇನ್ನೊಂದರಲ್ಲಿ ದಿನಸಿ ತರಬಹುದು, ಹೊಸ ದೇಶದಲ್ಲಿ ಅದು ದೊಡ್ಡ ಧೈರ್ಯ. ಗಲ್ಫಿನಲ್ಲಿ ದುಡಿದು ಸಂಸಾರ ಊರಲ್ಲಿ ಬಿಟ್ಟವರಿಗೆ ಸಂಬಳದ ಖಾತೆ, ಊರಲ್ಲಿ ಎನ್‌ಆರ್‌ಇ, ಎರಡೇ. ಮನೆ ಮಾಡುವವರೆಗೆ ಚೆಕ್ ಪುಸ್ತಕವೂ ಬೇಡ. ಮಕ್ಕಳ ಹತ್ತಿರ ಆರು ತಿಂಗಳು ಇದ್ದು ಬರುವ ಅಪ್ಪ ಅಮ್ಮಂದಿರಿಗೆ ಅಲ್ಲಿ ಖಾತೆಯೇ ಬೇಡ. ವಿದೇಶಿ ವಿನಿಮಯದ ಪ್ರೀಪೇಯ್ಡ್ ಕಾರ್ಡ್ ಸಾಕು, ಅವರ ಊರಿನ ಖಾತೆಯೂ ಹೇಗಿತ್ತೋ ಹಾಗೇ ಇರಲಿ.

ಯಾವ ಖಾತೆಯೇ ತೆರೆಯಿರಿ, ನಾಮಿನಿ ಅಥವಾ ವಾರಸುದಾರರ ಹೆಸರು ಬರೆಯಲು ಜಾಗ ಇದೆಯಾ ಅಂತ ಕೇಳಿ. ನಮ್ಮಲ್ಲಿ ಹಾಗೆ ಬರೆಯೋದು ಸಹಜ, ಎಲ್ಲ ದೇಶದಲ್ಲೂ ಹಾಗಿಲ್ಲ. ಬ್ರಿಟನ್ನಿನ ಸಾಮಾನ್ಯ ಖಾತೆಗೆ ನಾಮಿನಿ ಇರೋದಿಲ್ಲ, ಅಲ್ಲಿ ವಿಲ್ ಬರೆಯಬೇಕು. ನಿಮ್ಮ ಖಾತೆ ಎಲ್ಲೆಲ್ಲಿದೆ ಅನ್ನುವ ಪಟ್ಟಿಯಾದರೂ ಮನೆಯವರ ಹತ್ತಿರ ಇರಲಿ. ಪಿನ್ನು ಬೇಡ, ಬ್ಯಾಂಕಿನ ಹೆಸರು ಮತ್ತು ಕೊನೆಯ ನಾಲ್ಕಂಕಿ ಸಾಕು. ಶಾಶ್ವತವಾಗಿ ವಾಪಸ್ ಬಂದಾಗ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಮತ್ತೆ ಮಾಮೂಲಿ ಖಾತೆ ಮಾಡಿಸಿ. ಡಾಲರ್ ಡಾಲರಾಗಿಯೇ ಇರಲಿ ಅನಿಸಿದರೆ ಆರ್‌ಎಫ್‌ಸಿ ಖಾತೆ ಇದೆ. ಅಲ್ಲಿನ ಖಾತೆಯನ್ನು ಮಾತ್ರ ಕೊನೆಯ ಸಂಬಳ, ಬಾಡಿಗೆ ಅಡ್ವಾನ್ಸ್, ತೆರಿಗೆ ವಾಪಸಾತಿ ಎಲ್ಲ ಬಂದು ಸೇರುವವರೆಗೆ ಮುಚ್ಚಬೇಡಿ.